ಸೀಸನ್ ಮುಗಿದ ಮೇಲೆ ಸಿಗಬೇಕಿದ್ದ ಕೂಲಿ

ಕಾನೂನು ಕಾಲೇಜಿನಲ್ಲಿ ಉಚಿತ ಕಾನೂನು ನೆರವು ಅಂದರೆ ಸಾಮಾನ್ಯವಾಗಿ ಒಂದು ಬ್ಯಾನರ್, ಒಂದು ದೀಪ, ಪಂಚಾಯತಿ ಸಭಾಭವನದಲ್ಲಿ ತೂಕಡಿಸುವ ಜನ, ಉಪ್ಪಿಟ್ಟು, ಕೊನೆಗೆ ಗ್ರೂಪ್ ಫೋಟೊ. ನಾನೂ ಅಂಥ ಫೋಟೊಗಳಲ್ಲಿ ನಿಂತಿದ್ದೇನೆ. ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಅಲ್ಲಿಗೆ ಯಾರೂ ಬಂದು "ನನ್ನ ಕೂಲಿ ಕೊಟ್ಟಿಲ್ಲ" ಅನ್ನುವುದಿಲ್ಲ. ಕೂಲಿ ಸಿಗದವನು ಆ ಹೊತ್ತಿಗೆ ಕೆಲಸದಲ್ಲಿ ಇರುತ್ತಾನೆ, ಅಲ್ವಾ?

ನಾನು ಶಿರಸಿ ಕಡೆಯವಳು. ಓದಿದ್ದು ನಮ್ಮ ಜಿಲ್ಲೆಯಲ್ಲೇ, ಮೂರು ವರ್ಷದ ಎಲ್‌ಎಲ್‌ಬಿ. 2024ರ ಏಪ್ರಿಲ್‌ನಲ್ಲಿ ಕಡೇ ವರ್ಷದಲ್ಲಿದ್ದೆ. ಕ್ಲಾಸಿನಲ್ಲಿ ಗೋಕರ್ಣದ ಹುಡುಗನೊಬ್ಬ ಇದ್ದ. ಅವನ ಅಣ್ಣ ಅಲ್ಲಿ ಸ್ಕೂಟರ್ ಬಾಡಿಗೆಗೆ ಕೊಡುತ್ತಾನೆ. ಬೀಚ್ ಪಕ್ಕದ ಒಂದು ಹೊಟೇಲಿನ ನೇಪಾಳಿ ಹುಡುಗರು ಅಣ್ಣನ ಹತ್ತಿರ ಬಂದು ಅಳುತ್ತಿದ್ದಾರೆ, ಸೀಸನ್ನಿನ ಲೆಕ್ಕ ಸಿಕ್ಕಿಲ್ಲವಂತೆ ಎಂದು ಅವನು ಕ್ಲಾಸಿನಲ್ಲಿ ಹೇಳಿದ. ನಮ್ಮ ಕಾನೂನು ನೆರವು ಘಟಕ ನೋಡಿಕೊಳ್ಳುತ್ತಿದ್ದ ಮೇಡಂ ಬ್ಯಾನರಿನವರಲ್ಲ. "ಸರಿ, ಹೋಗಿ ಬರೆದುಕೊಂಡು ಬನ್ನಿ. ಸಲಹೆ ಕೊಡಬೇಡಿ, ಬರೆದುಕೊಳ್ಳಿ ಅಷ್ಟೇ" ಅಂದರು.

ಗೋಕರ್ಣದ ಬೀಚ್ ಹೊಟೇಲುಗಳ ಲೆಕ್ಕಾಚಾರ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕುಡ್ಲೆ, ಓಂ ಬೀಚ್ ಕಡೆ ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಜನ ಬರುತ್ತಾರೆ. ಏಪ್ರಿಲ್ ಕಳೆದರೆ ಬಿಸಿಲು, ಆಮೇಲೆ ಮಳೆ. ಸಮುದ್ರದ ಬದಿಯ ಎಷ್ಟೋ ಹೊಟೇಲುಗಳು ಚಪ್ಪರ ಬಿಚ್ಚಿ ಬಾಗಿಲು ಹಾಕುತ್ತವೆ. ಅಡುಗೆಯವರು, ಸಪ್ಲೈಯರ್‌ಗಳು, ರೂಮ್ ಹುಡುಗರಲ್ಲಿ ನೇಪಾಳದವರು ಬಹಳ. ದಸರಾ ಹಬ್ಬವನ್ನು ಊರಲ್ಲಿ ಮುಗಿಸಿ ಬರುತ್ತಾರೆ, ಬೇಸಿಗೆಗೆ ವಾಪಸ್ ಹೋಗುತ್ತಾರೆ, ಕೆಲವರು ಮನಾಲಿ ಕಡೆಗೆ. ನಾವು ನೋಡಿದ ಹೊಟೇಲಿನಲ್ಲಿ ತಿಂಗಳ ಕೂಲಿ ಅನ್ನುವುದೇ ಇರಲಿಲ್ಲ. ಖರ್ಚಿಗೆ ಆಗಾಗ ಸಾವಿರ, ಎರಡು ಸಾವಿರ. ಉಳಿದದ್ದು ಧಣಿಯ ಹತ್ತಿರ. ಸೀಸನ್ ಮುಗಿದ ಮೇಲೆ ಒಟ್ಟು ಲೆಕ್ಕ. ಹುಡುಗರಿಗೂ ಇದು ಒಪ್ಪಿಗೆಯೇ. ಕೈಯಲ್ಲಿ ದುಡ್ಡಿದ್ದರೆ ಖರ್ಚಾಗುತ್ತದೆ, ಧಣಿಯ ಹತ್ತಿರ ಇದ್ದರೆ ಬ್ಯಾಂಕಿನಲ್ಲಿ ಇದ್ದ ಹಾಗೆ ಎಂದು ಅವರೇ ನಮಗೆ ಹೇಳಿದರು.

ನಮಗೆ ಸಿಕ್ಕವರು ಮೂವರು. ಅಡುಗೆಯವನಿಗೆ ನಲವತ್ತರ ಹತ್ತಿರ ವಯಸ್ಸು, ನೇಪಾಳದ ಕೈಲಾಲಿ ಜಿಲ್ಲೆಯವನು. ಉಳಿದ ಇಬ್ಬರು ಇಪ್ಪತ್ತರ ಆಸುಪಾಸಿನ ಹುಡುಗರು. ಅಡುಗೆಯವನಿಗೆ ತಿಂಗಳಿಗೆ ಹದಿನಾರು ಸಾವಿರ ಅಂತ ಬಾಯಿಮಾತು. ಕೊನೆಗೆ ಲೆಕ್ಕ ಮಾಡುವಾಗ ಊಟದ್ದು ಇಷ್ಟು, ರೂಮಿನದ್ದು ಇಷ್ಟು, ಒಡೆದ ಗ್ಲಾಸಿನದ್ದು ಇಷ್ಟು, ಯಾರೋ ಗೆಸ್ಟ್ ಬಿಲ್ ಕೊಡದೆ ಓಡಿಹೋದದ್ದು ಇಷ್ಟು ಎಂದು ಮುರಿದು, ಕೈಗೆ ಒಂಬತ್ತು ಸಾವಿರ ಕೊಡುತ್ತೇನೆ ಅಂದರಂತೆ. ಜಾಸ್ತಿ ಮಾತಾಡಿದರೆ ಪೊಲೀಸಿಗೆ ಹೇಳುತ್ತೇನೆ, ನೀವು ಫಾರಿನರ್ಸ್, ನಿಮಗೆ ಇಲ್ಲಿ ಯಾವ ಹಕ್ಕೂ ಇಲ್ಲ ಅಂದರಂತೆ.

ಈ ಕೊನೆಯ ಮಾತಿಗೆ ಹುಡುಗರು ನಿಜವಾಗಿ ಹೆದರಿದ್ದರು. ಸುಮ್ನೆ ಧೈರ್ಯ ಹೇಳಿದರೆ ಆಗುವುದಿಲ್ಲ, ಕಾಗದ ಬೇಕು. 1950ರ ಜುಲೈ 31ರಂದು ಭಾರತ ಮತ್ತು ನೇಪಾಳ ಒಂದು ಒಪ್ಪಂದ ಮಾಡಿಕೊಂಡಿವೆ. ಅದರ 7ನೇ ವಿಧಿಯ ಪ್ರಕಾರ ಒಂದು ದೇಶದವರಿಗೆ ಇನ್ನೊಂದು ದೇಶದಲ್ಲಿ ವಾಸ, ವ್ಯಾಪಾರ, ಓಡಾಟದ ವಿಷಯದಲ್ಲಿ ಅಲ್ಲಿಯವರಿಗೆ ಇರುವ ಸವಲತ್ತೇ ಸಿಗಬೇಕು. ಗಡಿ ದಾಟಲು ವೀಸಾ ಬೇಡ. ಅವರ ಹತ್ತಿರ 'ನಾಗರಿಕತಾ' ಅನ್ನುವ ಗುರುತಿನ ಕಾಗದ ಇತ್ತು, ಅಷ್ಟು ಸಾಕು. ಕನಿಷ್ಠ ವೇತನ ಕಾಯ್ದೆಯಲ್ಲಿ ಕೆಲಸಗಾರ ಭಾರತದ ಪ್ರಜೆಯೇ ಆಗಿರಬೇಕು ಅಂತ ಎಲ್ಲೂ ಇರಲಿಲ್ಲ. ಕೈದಿಗೆ, ಹೆಂಗಸರಿಗೆ, ಬಡವರಿಗೆ ಸರಕಾರಿ ಖರ್ಚಿನಲ್ಲಿ ವಕೀಲರನ್ನು ಕೊಡುವ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲೂ ಹಾಗೇ. ಅದರ 12ನೇ ಕಲಮು "ಪ್ರತಿಯೊಬ್ಬ ವ್ಯಕ್ತಿ" ಅಂತಲೇ ಶುರುವಾಗುತ್ತದೆ. ಸಂವಿಧಾನದ 39ಎ ವಿಧಿ ಮಾತ್ರ ಪ್ರಜೆಯ ಮಾತಾಡುತ್ತದೆ. ಪರೀಕ್ಷೆಯಲ್ಲಿ ಈ ವ್ಯತ್ಯಾಸಕ್ಕೆ ಎರಡು ಅಂಕವೂ ಸಿಗುವುದಿಲ್ಲ. ಅವತ್ತು ಅದರಿಂದಲೇ ಮೂವರು ಸರಿಯಾಗಿ ಕೂತು ಮಾತಾಡಿದರು.

ಹೊರರಾಜ್ಯದ ಕೂಲಿಗಳಿಗೆ ಅಂತಲೇ 1979ರ ಕಾಯ್ದೆಯೊಂದು ಆಗ ಜಾರಿಯಲ್ಲಿತ್ತು. ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೂಲಿಯ ವಿವರ ಕೆಲಸಗಾರನ ಭಾಷೆಯಲ್ಲೂ ಇರಬೇಕು ಎಂದೆಲ್ಲ ಅದರಲ್ಲಿ ಚೆನ್ನಾಗಿ ಬರೆದಿದ್ದಾರೆ. ಆದರೆ ಅದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಗುತ್ತಿಗೆದಾರ ಕರೆತಂದವರಿಗೆ. ನೇಪಾಳ ರಾಜ್ಯವಲ್ಲ, ಇವರನ್ನು ಯಾವ ಗುತ್ತಿಗೆದಾರನೂ ತಂದಿಲ್ಲ. ಮೊದಲು ಬಂದ ಮಾವ, ಆಮೇಲೆ ಅಳಿಯ, ಅವನ ಗೆಳೆಯ, ಹೀಗೆ ಬಂದವರು. ಆ ದಾರಿ ಅಲ್ಲಿಗೇ ಮುಚ್ಚಿತು.

ಉಳಿದದ್ದು ಆಗ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆ, 20ನೇ ಕಲಮು. ಕರ್ನಾಟಕದಲ್ಲಿ ಹೊಟೇಲು ಕೆಲಸ ಅದರ ಪಟ್ಟಿಯಲ್ಲಿತ್ತು. ಆದರೆ ಇಲ್ಲೊಂದು ತೊಡಕು. ಧಣಿ ಬಾಯಲ್ಲಿ ಒಪ್ಪಿದ ಹದಿನಾರು ಸಾವಿರವನ್ನು ಈ ಕಲಮಿನಲ್ಲಿ ಕೇಳಲು ಬರುತ್ತಿರಲಿಲ್ಲ. ಸರಕಾರ ಗೊತ್ತು ಮಾಡಿದ ಕನಿಷ್ಠ ದರಕ್ಕಿಂತ ಎಷ್ಟು ಕಡಿಮೆ ಸಿಕ್ಕಿದೆಯೋ ಅಷ್ಟನ್ನೇ ಕೇಳಬೇಕಿತ್ತು. ಜೊತೆಗೆ ವಾರದ ರಜೆಯಲ್ಲಿ ದುಡಿದದ್ದು, ಹೊತ್ತು ಮೀರಿ ದುಡಿದದ್ದು. ಬೆಳಿಗ್ಗೆ ಎಂಟಕ್ಕೆ ಬ್ರೇಕ್‌ಫಾಸ್ಟ್ ಶುರು, ರಾತ್ರಿ ಹನ್ನೊಂದಕ್ಕೆ ಪಾತ್ರೆ ಮುಚ್ಚುವುದು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ತಾಸು, ವಾರಕ್ಕೆ 48 ತಾಸು ಎನ್ನುತ್ತದೆ; ಅದಕ್ಕೂ ಮೇಲಿನದ್ದಕ್ಕೆ ಎರಡರಷ್ಟು ಕೂಲಿ. ಹಾಗೆ ಕೂಡಿದಾಗ ಮೊತ್ತ ಅವರೇ ಕೇಳುತ್ತಿದ್ದುದಕ್ಕಿಂತ ಜಾಸ್ತಿ ಆಯಿತು. ಅಡುಗೆಯವನು ನಂಬಲಿಲ್ಲ. "ದೀದಿ, ಅಷ್ಟೆಲ್ಲ ಬೇಡ. ನನ್ನದು ಕೊಟ್ಟರೆ ಸಾಕು" ಅಂದ.

ಈಗ ಕಾಗದದ ಮಾತು. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಅವರು ಅಲ್ಲಿ ಕೆಲಸ ಮಾಡಿದ್ದಕ್ಕೇ ದಾಖಲೆ ಇಲ್ಲ. ನೇಮಕದ ಪತ್ರ ಇಲ್ಲ, ಹಾಜರಿ ಪುಸ್ತಕ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಮುಂಗಡ ಎಲ್ಲ ನಗದು, ಒಂದಷ್ಟು ಮಾತ್ರ ಬೇರೆ ಯಾರದೋ ಫೋನ್‌ಪೇಗೆ ಹಾಕಿಸಿಕೊಂಡದ್ದು. ನಾವು ಮೂವರ ಮೊಬೈಲ್ ತೆಗೆಸಿ ಕೂತೆವು. ವಾಟ್ಸಾಪ್‌ನಲ್ಲಿ ಧಣಿ ಕಳಿಸಿದ ಧ್ವನಿ ಸಂದೇಶಗಳು ಇದ್ದವು: ನಾಳೆ ಇಪ್ಪತ್ತು ಜನರ ಗ್ರೂಪ್ ಬರುತ್ತದೆ, ಅಂಜಲ್ ಮೀನು ತಂದಿಡು, ಗ್ಯಾಸ್ ಮುಗಿಯಿತಾ, ಇಷ್ಟು ಹೊತ್ತಾದರೂ ಮೇಲಿನ ರೂಮು ಗುಡಿಸಿಲ್ಲ ಯಾಕೆ. ಬೈಗುಳವೂ ಇತ್ತು. ಬೈಗುಳ ಎಷ್ಟು ಒಳ್ಳೆಯ ಸಾಕ್ಷಿ ಅಂತ ನನಗೆ ಅವತ್ತು ಗೊತ್ತಾಯಿತು. ಕೆಲಸದವನಲ್ಲದಿದ್ದರೆ ಬೆಳಿಗ್ಗೆ ಆರಕ್ಕೆ ಯಾಕೆ ಬೈಯುತ್ತಾರೆ? ಗೆಸ್ಟ್‌ಗಳು ಹಾಕಿದ ಗೂಗಲ್ ರಿವ್ಯೂಗಳಲ್ಲಿ ಅಡುಗೆಯವನ ಹೆಸರು ಹಿಡಿದು ಹೊಗಳಿದ್ದವು ಒಂದಷ್ಟು ಸಿಕ್ಕವು. ದಿನಾಂಕ ಸಮೇತ. ನನ್ನ ಗೋಕರ್ಣದ ಗೆಳೆಯ ಅದನ್ನು ಹುಡುಕಿದ. ಮೆಚ್ಚಬೇಕು.

ಆದರೂ ನಿಜವಾದ ಪುರಾವೆ ಬಂದದ್ದು ಬೇರೆ ಕಡೆಯಿಂದ. ಆ ಹೊಟೇಲಿನಲ್ಲಿ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಒಬ್ಬ ಹೆಂಗಸು ಇದ್ದರು. ಹತ್ತಿರದ ಹಳ್ಳಿಯವರು. ಅವರಿಗೂ ಎರಡು ತಿಂಗಳದ್ದು ಬಾಕಿ. ಮನೆಗೆ ಹೋದರೆ ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ವಿಷಯ ಎತ್ತಿದ ಕೂಡಲೇ, "ನಂಗೆ ಕೋರ್ಟು ಕಚೇರಿ ಎಲ್ಲ ಬ್ಯಾಡ ತಂಗಿ. ಅವ್ರು ನಮ್ಮೂರಿನವ್ರೇ. ಮುಂದಿನ ಸೀಸನ್ನಿಗೂ ನಾ ಅಲ್ಲೇ ಹೋಗಬೇಕು" ಅಂದರು. ಸರಿ, ಒತ್ತಾಯ ಮಾಡಬಾರದು. ಎದ್ದು ಹೊರಡುವಾಗ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಹಾಲಿನ ಲೆಕ್ಕ ಬರೆದ ಹಾಗೆ ತಾನು ಕೆಲಸಕ್ಕೆ ಹೋದ ದಿನಕ್ಕೆ ಒಂದೊಂದು ಗೀಟು ಎಳೆದಿದ್ದರು. ತಡರಾತ್ರಿಯಾದ ದಿನಕ್ಕೆ ಎರಡು ಗೀಟು. ಬಂದ ದುಡ್ಡು ಅಂಚಿನಲ್ಲಿ. ಹಿಂದಿನ ವರ್ಷದ ಹಾಳೆಗಳೂ ಅದರ ಹಿಂದೆಯೇ ಇದ್ದವು. ನಾವು ಕೇಳಲಿಲ್ಲ. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಧಣಿಯ ಹೆಂಡತಿ ಸಂತೆಯಲ್ಲಿ ಏನೋ ಅಂದರಂತೆ. "ಬರೀರಿ ತಂಗಿ ನಂದೂ" ಅಂದರು. ಹೆಂಗಸಿಗೆ ಉಚಿತ ಕಾನೂನು ನೆರವು ಪಡೆಯಲು ಆದಾಯದ ಮಿತಿ ಇಲ್ಲ. ಹಾಗಾಗಿ ಅವರ ಅರ್ಜಿಗೆ ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿ ತಿರುಗುವ ಕೆಲಸ ತಪ್ಪಿತು.

ವಿದ್ಯಾರ್ಥಿಗಳು ಕೋರ್ಟಿನಲ್ಲಿ ವಾದ ಮಾಡಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. 1961ರ ವಕೀಲರ ಕಾಯ್ದೆ ಪ್ರಕಾರ ಸನ್ನದು ಇರುವವರೇ ವಕೀಲಿ ಮಾಡಬೇಕು. ಆದರೆ ಕನಿಷ್ಠ ವೇತನದ ಅರ್ಜಿಯಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಕೆಲಸಗಾರ, ವಕೀಲ, ಕಾರ್ಮಿಕ ಸಂಘದವರು, ಇನ್‌ಸ್ಪೆಕ್ಟರ್ ಅಲ್ಲದೆ, ಅರ್ಜಿ ವಿಚಾರಿಸುವ ಪ್ರಾಧಿಕಾರದ ಅನುಮತಿ ಪಡೆದ ಯಾರು ಬೇಕಾದರೂ ಅರ್ಜಿ ಹಾಕಬಹುದಿತ್ತು. ಮೇಡಂ ನಮ್ಮಿಬ್ಬರ ಹೆಸರಲ್ಲಿ ಅನುಮತಿ ಕೇಳಿಸಿದರು. ಜೊತೆಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಬರೆದು ಪ್ಯಾನೆಲ್ ವಕೀಲರೊಬ್ಬರನ್ನೂ ಕೊಡಿಸಿದರು. ಕಾಗದ ನಮ್ಮದು, ವಾದ ಅವರದು. ಆ ವಕೀಲರು ನಮ್ಮ ಹದಿನಾಲ್ಕು ಪುಟದ ಅರ್ಜಿ ನೋಡಿ, "ಇದರಲ್ಲಿ ಸುಪ್ರೀಂ ಕೋರ್ಟ್ ಜಾಸ್ತಿ ಇದೆ, ಅಡುಗೆಯವ ಕಡಿಮೆ ಇದ್ದಾನೆ" ಅಂದರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿತವೇ ಎಂದು ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಬಗ್ಗೆ 1982ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿ ಹೇಳಿದ್ದು ನಮಗೆ ಬಹಳ ಇಷ್ಟ. ಅದಕ್ಕೆ ಎರಡು ಪುಟ ಕೊಟ್ಟಿದ್ದೆವು. ವಕೀಲರು ಅದನ್ನು ಒಂದು ಸಾಲಿಗೆ ಇಳಿಸಿದರು. ದಿನ, ತಾಸು, ಸಿಕ್ಕಿದ್ದು, ಸಿಗಬೇಕಾದದ್ದು ಎಂದು ಪಟ್ಟಿ ಮಾಡಿಸಿದರು.

ಇಷ್ಟರಲ್ಲಿ ದಿನಗಳು ಓಡುತ್ತಿದ್ದವು. ಈ ಅರ್ಜಿಗೆ ಆಗ ಆರು ತಿಂಗಳ ಗಡುವು. ಅಕ್ಟೋಬರ್ ಕೂಲಿ ನವೆಂಬರಿನ ಮೊದಲ ವಾರ ಕೊಡಬೇಕಿತ್ತು ಅಂದರೆ ಮೇ ಮೊದಲ ವಾರಕ್ಕೆ ಅದರ ಗಡುವು ಮುಗಿಯುತ್ತದೆ. ಮೇ 7ಕ್ಕೆ ನಮ್ಮ ಜಿಲ್ಲೆಯಲ್ಲಿ ಲೋಕಸಭೆಯ ಮತದಾನ. ಯಾವ ಕಚೇರಿಗೆ ಹೋದರೂ "ಸಾಹೇಬರು ಇಲೆಕ್ಷನ್ ಡ್ಯೂಟಿ". ಅರ್ಜಿ ತೆಗೆದುಕೊಂಡು ಸೀಲ್ ಹಾಕಲು ಗುಮಾಸ್ತರೊಬ್ಬರು ಸಿಕ್ಕಿದ್ದೇ ಪುಣ್ಯ. ಈಗ ಕಾಲ ಬದಲಾಗಿದೆ. 2025ರ ನವೆಂಬರ್ 21ರಿಂದ ಹೊಸ ವೇತನ ಸಂಹಿತೆ ಬಂದಿದೆ, ಅದರಲ್ಲಿ ಗಡುವು ಮೂರು ವರ್ಷ. ಕೆಲಸ ಬಿಟ್ಟವರಿಗೂ ಬಿಡಿಸಿದವರಿಗೂ ಎರಡು ಕೆಲಸದ ದಿನದೊಳಗೆ ಲೆಕ್ಕ ತೀರಿಸಬೇಕು ಎಂದೂ ಇದೆ. ಹೊಸ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಬೇಕಾದಷ್ಟು ತಕರಾರಿದೆ, ಅದರಲ್ಲಿ ಕೆಲವು ನನಗೂ ಸರಿ ಅನಿಸುತ್ತವೆ. ಆದರೆ ಈ ಮೂರು ವರ್ಷದ ವಿಷಯಕ್ಕೆ ಮಾತ್ರ ನಾನು ಎರಡೂ ಕೈ ಎತ್ತುತ್ತೇನೆ.

ಯಾಕೆಂದರೆ ಕೂಲಿಯವರಿಗೆ ಕಾನೂನಿನಷ್ಟೇ ಕಷ್ಟ ಕಾಯುವುದು. ಕಾರವಾರದ ಬೈತಖೋಲ ಬಂದರಿನಲ್ಲಿ ನೋಡಿ. ಬೋಟಿನಲ್ಲಿ ದುಡಿಯುವ ಹೊರರಾಜ್ಯದವರು ಜೂನ್ 1ಕ್ಕೆ ಯಾಂತ್ರಿಕ ಮೀನುಗಾರಿಕೆ ನಿಂತ ಕೂಡಲೇ ಊರಿಗೆ ಹೊರಡುತ್ತಾರೆ. ಜುಲೈ 31ರವರೆಗೆ 61 ದಿನ ಬಂದ್. ಲೆಕ್ಕದ ಜಗಳ ಬರುವುದೇ ಆಗ, ಅವರು ಇಲ್ಲಿ ಇಲ್ಲದಿರುವುದೂ ಆಗಲೇ. ಗೋಕರ್ಣದ ನೇಪಾಳಿಗಳದ್ದೂ ಅದೇ ಕಥೆ. ಧಣಿಗೆ ಇದು ಚೆನ್ನಾಗಿ ಗೊತ್ತು. ಅವರು ಕಾನೂನು ಓದಿಲ್ಲ, ರೈಲಿನ ಟೈಮ್‌ಟೇಬಲ್ ಗೊತ್ತು.

ಅದಕ್ಕೇ ನಾವು ಹುಡುಗರು ಹೊರಡುವ ಮೊದಲೇ ಎಲ್ಲ ಬರೆಸಿಕೊಂಡೆವು. ಪ್ರತಿಯೊಬ್ಬರ ಪ್ರಮಾಣಪತ್ರ, ನೋಟರಿ ಸಹಿ, ನಮಗೆ ಅಧಿಕಾರ ಕೊಟ್ಟ ಪತ್ರ, ಊರಿನ ವಿಳಾಸ, ನೇಪಾಳದ ಫೋನ್ ನಂಬರು, ಮನೆಯವರ ನಂಬರು. ನೇಪಾಳಿಗೂ ದೇವನಾಗರಿ ಲಿಪಿ ಆದ್ದರಿಂದ ಹಿಂದಿಯಲ್ಲಿ ಬರೆದು ಓದಿ ಹೇಳಿದರೆ ಅವರೇ ತಿದ್ದಿಸುತ್ತಿದ್ದರು. ಒಬ್ಬ ಹುಡುಗ ಮಾತ್ರ ಸಹಿಗೆ ಬರಲೇ ಇಲ್ಲ. ಧಣಿ ಅವನಿಗೆ ಐದು ಸಾವಿರ ಕೊಟ್ಟು ಮಡಗಾಂವಿಗೆ ಬಿಟ್ಟು ಬಂದಿದ್ದರು. ಉಳಿದಿಬ್ಬರೂ ಅಲ್ಲಿಂದಲೇ ದೆಹಲಿ ರೈಲು ಹತ್ತಿದರು, ಮುಂದೆ ಬಸ್ಸಿನಲ್ಲಿ ಬನ್‌ಬಸಾ ಗಡಿ.

ವಿಚಾರಣೆಯ ಬಗ್ಗೆ ಹೇಳುವಂಥದ್ದು ಕಡಿಮೆ. ಮೊದಲ ದಿನಾಂಕಕ್ಕೆ ಧಣಿ ಬರಲಿಲ್ಲ. ಎರಡನೆಯದಕ್ಕೆ ಅವರ ವಕೀಲರು ಕಾಲಾವಕಾಶ ಕೇಳಿದರು. ಮುಂದಿನದು ಜುಲೈ ಮೂರನೇ ವಾರ. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾ ಹೊಟೇಲಿನ ಕುಟುಂಬ, ಚಹಾಕ್ಕೆ ನಿಂತ ಲಾರಿ ಚಾಲಕರು ಮಣ್ಣಿನಡಿ ಹೋದರು. ಕುಮಟಾದಿಂದ ಕಾರವಾರಕ್ಕೆ ಹೋಗುವ 66ನೇ ಹೆದ್ದಾರಿ ಬಂದ್. ಇಡೀ ಜಿಲ್ಲೆ ಅಲ್ಲೇ ನಿಂತಿತ್ತು. ಅವತ್ತಿನ ದಿನಗಳಲ್ಲಿ ನಮ್ಮ ಕೇಸಿನ ಬಗ್ಗೆ ಯಾರಿಗೂ ಕೇಳಲು ಮನಸ್ಸಾಗಲಿಲ್ಲ. ಅಡುಗೆಯವನೇ ಊರಿಂದ ಫೋನ್ ಮಾಡಿ ನೀವೆಲ್ಲ ಸುರಕ್ಷಿತವಾಗಿ ಇದ್ದೀರಾ ಎಂದು ವಿಚಾರಿಸಿದ. ಕೂಲಿಯ ಮಾತೇ ಎತ್ತಲಿಲ್ಲ.

ಆಗಸ್ಟ್‌ನಲ್ಲಿ ಧಣಿ ಖುದ್ದು ಬಂದರು. ಕೆಟ್ಟ ಮನುಷ್ಯನ ಹಾಗೆ ಕಾಣಿಸಲಿಲ್ಲ. ಹೊರಗೆ ಬೆಂಚಿನಲ್ಲಿ ನನ್ನ ಪಕ್ಕವೇ ಕೂತು, "ತಂಗಿ, ನೀ ಘಟ್ಟದ ಮೇಲಿನವ್ಳಾ? ಯಾರ ಮನೆ?" ಎಂದು ಕೇಳಿದರು. ಆಮೇಲೆ ತಮ್ಮ ಕಷ್ಟ ಹೇಳಿಕೊಂಡರು. ಜಾಗದ ಬಾಡಿಗೆ, ಸಾಲ, ಬುಕಿಂಗ್ ಆ್ಯಪಿನವರ ಕಮಿಷನ್. ನಿಜವೇ ಇರಬಹುದು. ಆದರೆ ಬಾಡಿಗೆ ಕೊಟ್ಟಿದ್ದಾರೆ, ಕಮಿಷನ್ ಕೊಟ್ಟಿದ್ದಾರೆ. ನಿಂತದ್ದು ಕೂಲಿ ಮಾತ್ರ. ಕೊಡದಿದ್ದರೂ ಸುಮ್ಮನಿರುತ್ತಾರೆ ಅಂತ ಅನಿಸಿದವರದ್ದೇ ನಿಲ್ಲುತ್ತದೆ.

ಒಳಗೆ ಅಧಿಕಾರಿ ಹಾಜರಿ ಪುಸ್ತಕ, ವೇತನ ಪುಸ್ತಕ ಕೇಳಿದರು. ಇಲ್ಲ ಎಂದಾಯಿತು. ಕೆಲಸ ಮಾಡಿದ್ದಾರೋ ಇಲ್ಲವೋ ಅಂದಾಗ, ಸೀಸನ್ನಿನಲ್ಲಿ ಆಗಾಗ ಬಂದುಹೋಗುತ್ತಿದ್ದರು ಅಂದರು ಧಣಿ. ಆಗ ನಮ್ಮ ವಕೀಲರು ಪಾತ್ರೆ ತೊಳೆಯುವ ಅಕ್ಕನ ಕ್ಯಾಲೆಂಡರ್ ತೆಗೆದಿಟ್ಟರು. ಅಕ್ಕ ಅಲ್ಲೇ ನಿಂತಿದ್ದರು. "ನಾ ಹೋದ ದಿನ ಎಲ್ಲ ಅವ ಅಡುಗೆ ಮನೇಲೇ ಇದ್ದ ಒಡೆಯಾ. ಅವ ಇಲ್ದಿದ್ರೆ ಅಷ್ಟು ಪಾತ್ರೆ ಎಲ್ಲಿಂದ ಬೀಳ್ತಿತ್ತು?" ಅಂದರು. ಅಧಿಕಾರಿ ನಕ್ಕರು, ಧಣಿಯೂ ನಕ್ಕರು. ಆಮೇಲೆ ರಾಜಿಯ ಮಾತು ಶುರುವಾಯಿತು. ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ಹಾಕಲು ಪ್ರಾಧಿಕಾರಕ್ಕೆ ಅಧಿಕಾರ ಇದೆ ಎಂದು ಅಧಿಕಾರಿ ಒಂದು ಸಲ ನೆನಪಿಸಿದರು. ಅಡುಗೆಯವನನ್ನು ವಾಟ್ಸಾಪ್ ವಿಡಿಯೊದಲ್ಲಿ ಕರೆದೆವು. ನಾವು ಹಾಕಿದ ಲೆಕ್ಕದ ಮೊತ್ತ ಬರಲಿಲ್ಲ. ಅವನು ಮೊದಲ ದಿನ "ನನ್ನದು" ಅಂದಿದ್ದ ಮೊತ್ತ ಹೆಚ್ಚುಕಮ್ಮಿ ಪೂರ್ತಿ ಬಂತು. ಅಕ್ಕನದ್ದೂ ಬಂತು. ಇನ್ನೂ ಎಳೆಯಬೇಕಿತ್ತು ಎಂದು ನನ್ನ ಗೆಳೆಯನಿಗೆ ಇವತ್ತಿಗೂ ಸಿಟ್ಟಿದೆ. ನನಗಿಲ್ಲ. ಒಪ್ಪಬೇಕಾದವನು ಅವನು, ಒಪ್ಪಿದ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ, ದುಡ್ಡು ನೇಪಾಳಕ್ಕೆ ಕಳಿಸುವುದು ಹೇಗೆ? ಗೂಗಲ್‌ಪೇ ಮಾಡಿ ಬಿಡಿ ಅಂದರು ಧಣಿ. ಅವನಿಗೆ ಇಲ್ಲಿ ಖಾತೆ ಇಲ್ಲ. ನಗದು ಕೊಟ್ಟರೆ ಯಾರ ಕೈಯಲ್ಲಿ ಕಳಿಸುವುದು? ರಿಸರ್ವ್ ಬ್ಯಾಂಕಿನದ್ದೇ ಒಂದು ವ್ಯವಸ್ಥೆ 2008ರಿಂದ ಇದೆ, ಭಾರತ–ನೇಪಾಳ ಹಣ ರವಾನೆ ಯೋಜನೆ. ಇಲ್ಲಿಯ ಬ್ಯಾಂಕಿನಿಂದ ನೆಫ್ಟ್ ಮೂಲಕ ನೇಪಾಳ ಎಸ್‌ಬಿಐಗೆ ಹೋಗುತ್ತದೆ. 2021ರಲ್ಲಿ ಮಿತಿಯನ್ನು ಐವತ್ತು ಸಾವಿರದಿಂದ ಎರಡು ಲಕ್ಷಕ್ಕೆ ಏರಿಸಿದ್ದಾರೆ. ಖಾತೆ ಇಲ್ಲದೆ ನಗದು ಕಟ್ಟುವುದಾದರೆ ಮಾತ್ರ ಐವತ್ತು ಸಾವಿರವೇ. ಬ್ಯಾಂಕಿನ ಕೌಂಟರಿನಲ್ಲಿ ಕೇಳಿದರೆ ಹಾಗೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಸುತ್ತೋಲೆಯ ಪ್ರತಿ ತೋರಿಸಿದ ಮೇಲೆ ಮ್ಯಾನೇಜರ್ ಎಲ್ಲಿಗೋ ಫೋನ್ ಮಾಡಿದರು, ಫಾರ್ಮ್ ಹುಡುಕಿದರು, ಚಹಾ ತರಿಸಿದರು. ಕೇಸಿಗಿಂತ ಈ ಫಾರ್ಮ್ ತುಂಬುವುದು ಕಷ್ಟವಾಯಿತು ಅಂದರೆ ಸ್ವಲ್ಪ ಜಾಸ್ತಿ ಹೇಳಿದ ಹಾಗೆ, ಸ್ವಲ್ಪವೇ. ದುಡ್ಡು ಧಣಿಯ ಖಾತೆಯಿಂದಲೇ ಹೋಯಿತು. ಐದು ಸಾವಿರ ತೆಗೆದುಕೊಂಡು ಹೋದ ಹುಡುಗನ ನಂಬರಿಗೆ ಇವತ್ತಿಗೂ ಫೋನ್ ಹೋಗುವುದಿಲ್ಲ.

ಆ ನವೆಂಬರಿನಲ್ಲಿ ಗೋಕರ್ಣದ ಗೆಳೆಯ ಒಂದು ಫೋಟೊ ಕಳಿಸಿದ. ಅದೇ ಹೊಟೇಲು, ಅದೇ ಅಡುಗೆಯವನು. ನಾನು ಕೂಡಲೇ ಫೋನ್ ಮಾಡಿ ಬೇರೆ ಎಲ್ಲೂ ಕೆಲಸ ಸಿಗಲಿಲ್ಲವಾ ಎಂದು ಕೇಳಿದೆ. ಸಿಗುತ್ತಿತ್ತು, ಆದರೆ ಈ ಅಡುಗೆಮನೆಯ ತಂದೂರ್ ಒಲೆ ಅವನೇ ಕಟ್ಟಿದ್ದಂತೆ, ಗಿರಾಕಿಗಳೂ ಗೊತ್ತಂತೆ. ಧಣಿಯೇ ಫೋನ್ ಮಾಡಿ ಕರೆಸಿದ್ದು. ನೇಮಕದ ಕಾಗದ ಕೇಳಿದೆಯಾ ಅಂದರೆ, "ಕಾಗದ ಕೊಡೋದಿಲ್ಲ ಅಂದರು ದೀದಿ, ತಿಂಗಳ ತಿಂಗಳ ಕೊಡ್ತೀನಿ ಅಂದರು" ಅಂದ. ಡಿಸೆಂಬರಿನವರೆಗೆ ಕೊಟ್ಟಿದ್ದರು. ಈ ಸಲ ಅವನೂ ಒಂದು ಕ್ಯಾಲೆಂಡರ್ ಇಟ್ಟುಕೊಂಡಿದ್ದಾನೆ ಎಂದು ಪಾತ್ರೆ ತೊಳೆಯುವ ಅಕ್ಕ ಹೇಳಿದರು. ಅವರೂ ಅಲ್ಲೇ ಕೆಲಸಕ್ಕೆ ಹೋಗುತ್ತಿದ್ದಾರೆ, ದಿನಕ್ಕೆ ಐವತ್ತು ರೂಪಾಯಿ ಜಾಸ್ತಿ.